ತಪ್ಪು ಅಕ್ಷರ ಬಂದರೆ ಹೆದರಬೇಡಿ

ಮೈಕ್ರೋಕಂಟ್ರೋಲರ್ ಕಲಿಯಲು ಹೊರಟವರ ಮೊದಲ ಪಾಠ ಸುಖವಾಗಿಯೇ ಮುಗಿಯುತ್ತದೆ. ಎಲ್‌ಇಡಿ ಮಿನುಗುತ್ತದೆ, ಸ್ವಿಚ್ ಒತ್ತಿದರೆ ಆರುತ್ತದೆ. ಆಮೇಲೆ ಬರುವುದು ಸೀರಿಯಲ್ ಸಂವಹನ. ಬೋರ್ಡಿನಿಂದ ಕಂಪ್ಯೂಟರಿಗೆ ಒಂದು ಸಾಲು ಕಳಿಸಬೇಕು, ಅಷ್ಟೆ. ಪುಸ್ತಕದಲ್ಲಿ ಅದಕ್ಕೆ ಒಂದೆರಡು ಪುಟ, ಕೋಡು ಹತ್ತು ಹನ್ನೆರಡು ಸಾಲು, ತಂತಿ ಮೂರು. ಆದರೂ ಬಹಳ ಮಂದಿ ಮುಗ್ಗರಿಸುವುದು ಇಲ್ಲಿಯೇ. ಪರದೆ ಖಾಲಿ ಉಳಿಯುತ್ತದೆ; ಇಲ್ಲವೇ ಪ್ರಶ್ನಾರ್ಥಕ ಚಿಹ್ನೆ, ಚೌಕ, ಯಾವ ಭಾಷೆಗೂ ಸೇರದ ಗೀಟುಗಳು ಸಾಲುಗಟ್ಟಿ ಬರುತ್ತವೆ. ಕೋಡನ್ನು ಎಷ್ಟು ಸಲ ಓದಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕೆಲವರು ಅಲ್ಲಿಗೇ ಬೋರ್ಡನ್ನು ಡಬ್ಬಕ್ಕೆ ಹಾಕಿ ಮುಚ್ಚಿಡುತ್ತಾರೆ.

ಇದರಲ್ಲಿ ಕಲಿಯುವವರ ದಡ್ಡತನವೇನೂ ಇಲ್ಲ. ಎಲ್‌ಇಡಿ ಉರಿಯದಿದ್ದರೆ ಹುಡುಕಲು ಮೂರು ನಾಲ್ಕು ಜಾಗಗಳಿವೆ. ಸೀರಿಯಲ್ ಸಂಪರ್ಕದಲ್ಲಿ ಹಾಗಲ್ಲ. ಚಿಪ್ಪಿನ ಕ್ಲಾಕ್, ರಿಜಿಸ್ಟರಿಗೆ ಹಾಕಿದ ಸಂಖ್ಯೆ, ಪಿನ್ನಿನ ಆಯ್ಕೆ, ವೋಲ್ಟೇಜು, ಗ್ರೌಂಡು, ನಡುವೆ ಇರುವ ಯುಎಸ್‌ಬಿ ಪರಿವರ್ತಕ, ಅದರ ಡ್ರೈವರ್, ಕಂಪ್ಯೂಟರಿನ ಟರ್ಮಿನಲ್ ಪ್ರೋಗ್ರಾಮಿನ ಸೆಟ್ಟಿಂಗು, ಇಷ್ಟೂ ಒಂದೇ ಹೊತ್ತಿಗೆ ಸರಿಯಿರಬೇಕು. ಒಂದು ತಪ್ಪಿದರೂ ಕೆಲಸ ಕೆಡುತ್ತದೆ, ಯಾವುದು ತಪ್ಪಿತು ಎಂದು ಹೇಳುವವರಿಲ್ಲ. ಕಳಿಸುವ ಚಿಪ್ಪಿಗೆ ಆಚೆ ಬದಿಯಲ್ಲಿ ಕೇಳುವವರು ಇದ್ದಾರೋ ಇಲ್ಲವೋ ಎಂಬುದೇ ತಿಳಿಯದು. ತಂತಿ ಕಿತ್ತಿಟ್ಟರೂ ಅದು ತನ್ನ ಪಾಡಿಗೆ ಕಳಿಸುತ್ತಲೇ ಇರುತ್ತದೆ.

ಆದ್ದರಿಂದ ಇಲ್ಲಿ ಕಲಿಯಬೇಕಾದದ್ದು ಕೋಡಿಗಿಂತ ಹೆಚ್ಚಾಗಿ ತಪ್ಪು ಹುಡುಕುವ ಕ್ರಮ. ಅದಕ್ಕೆ ತಂತಿಯ ಮೇಲೆ ನಿಜವಾಗಿ ಏನು ನಡೆಯುತ್ತದೆ ಎಂಬುದು ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು.

ಏನೂ ಕಳಿಸದಿರುವಾಗ ತಂತಿಯ ವೋಲ್ಟೇಜು ಮೇಲಿರುತ್ತದೆ, ಅಂದರೆ 1. ಒಂದು ಬೈಟು ಹೊರಡುವ ಮುನ್ನ ಅದು ಒಂದು ಬಿಟ್ಟಿನಷ್ಟು ಹೊತ್ತು ಸೊನ್ನೆಗೆ ಇಳಿಯುತ್ತದೆ. ಇದು ಸ್ಟಾರ್ಟ್ ಬಿಟ್. ಅದರ ಹಿಂದೆ ಎಂಟು ಬಿಟ್‌ಗಳು ಹೊರಡುತ್ತವೆ, ಚಿಕ್ಕ ಬೆಲೆಯದು ಮೊದಲು. ಕೊನೆಗೆ ತಂತಿ ಮತ್ತೆ ಮೇಲೇರಿ ಒಂದು ಬಿಟ್ಟಿನ ಹೊತ್ತು ನಿಲ್ಲುತ್ತದೆ. ಅದು ಸ್ಟಾಪ್ ಬಿಟ್. ಇಂಗ್ಲಿಷಿನ ದೊಡ್ಡ 'ಎ' ಅಕ್ಷರದ ಸಂಖ್ಯೆ 65. ತಂತಿಯ ಮೇಲೆ ಅದು ಮೊದಲು ಸ್ಟಾರ್ಟಿನ 0, ಆಮೇಲೆ 1, 0, 0, 0, 0, 0, 1, 0, ಕೊನೆಗೆ ಸ್ಟಾಪಿನ 1 ಎಂದು ಸಾಗುತ್ತದೆ. 9600 ಬಾಡ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 9600 ಬಿಟ್ ಹೋಗುವಾಗ, ಒಂದೊಂದು ಬಿಟ್ಟಿಗೂ ಸಿಗುವ ಕಾಲ ಸುಮಾರು 104 ಮೈಕ್ರೋಸೆಕೆಂಡು. ಒಂದು ಬೈಟಿಗೆ ಹತ್ತು ಬಿಟ್ ಆದ್ದರಿಂದ ಸೆಕೆಂಡಿಗೆ ಹೆಚ್ಚೆಂದರೆ 960 ಬೈಟು.

ಗಮನಿಸಿ, ಇಲ್ಲಿ ಕ್ಲಾಕ್ ತಂತಿ ಇಲ್ಲವೇ ಇಲ್ಲ. ಎಸ್‌ಪಿಐ, ಐ2ಸಿ ಮುಂತಾದ ಪದ್ಧತಿಗಳಲ್ಲಿ 'ಈಗ ನೋಡು' ಎಂದು ಹೇಳಲು ಬೇರೆಯೇ ಒಂದು ತಂತಿ ಇರುತ್ತದೆ. ನಮ್ಮ ಈ ಸೀರಿಯಲ್ ಪದ್ಧತಿಯಲ್ಲಿ, ಅಂದರೆ ಇದನ್ನು ನಡೆಸುವ ಚಿಪ್ಪಿನ ಭಾಗವಾದ ಯುಆರ್ಟ್‌ನಲ್ಲಿ, ಸ್ಟಾರ್ಟ್ ಬಿಟ್ಟಿನ ಇಳಿತವೊಂದೇ ಸನ್ನೆ. ಅಲ್ಲಿಂದ ಮುಂದೆ ಸ್ವೀಕರಿಸುವ ಚಿಪ್ಪು ತನ್ನದೇ ಗಡಿಯಾರವನ್ನು ನಂಬಿ ಪ್ರತಿ ಬಿಟ್ಟಿನ ನಟ್ಟನಡುವೆ ತಂತಿಯನ್ನು ನೋಡುತ್ತ ಹೋಗುತ್ತದೆ. ಹಾಡುಗಾರರೂ ಮೃದಂಗದವರೂ ಒಂದೇ ಎಡುಪಿನಲ್ಲಿ ಹೊರಟು, ಆಮೇಲೆ ಒಬ್ಬರನ್ನೊಬ್ಬರು ನೋಡದೆ ಮನಸ್ಸಿನೊಳಗೇ ತಾಳ ಹಾಕಿಕೊಂಡು ಹೋದ ಹಾಗೆ. ಕಾಲಪ್ರಮಾಣದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೆ ಹತ್ತು ಅಕ್ಷರದಲ್ಲಿ ತಿಳಿಯುವುದಿಲ್ಲ, ಮುಂದಿನ ಎಡುಪಿನಲ್ಲಿ ಮತ್ತೆ ಕೂಡಿಕೊಳ್ಳುತ್ತಾರೆ. ವ್ಯತ್ಯಾಸ ದೊಡ್ಡದಾದರೆ ಆವರ್ತದ ಕೊನೆಗೆ ಬರುವಷ್ಟರಲ್ಲಿ ಒಬ್ಬರು ಒಂದು ಅಕ್ಷರ ಮುಂದಿರುತ್ತಾರೆ.

ಎಷ್ಟು ವ್ಯತ್ಯಾಸ ತಾಳುತ್ತದೆ ಎಂಬುದಕ್ಕೆ ಸುಲಭವಾದ ಲೆಕ್ಕವಿದೆ. ಕೊನೆಯ ಬಿಟ್ಟನ್ನು ನೋಡುವುದು ಹೊರಟಲ್ಲಿಂದ ಒಂಬತ್ತೂವರೆ ಬಿಟ್ಟಿನ ದೂರದಲ್ಲಿ. ಅಷ್ಟು ಹೊತ್ತಿಗೆ ಅರ್ಧ ಬಿಟ್ಟಿಗಿಂತ ಹೆಚ್ಚು ಜಾರಬಾರದು. ಅಂದರೆ ಎರಡೂ ಕಡೆಯ ತಪ್ಪು ಸೇರಿ ಶೇ 5ರ ಆಸುಪಾಸು ಬಂದರೆ ಅಕ್ಷರ ಕೆಡುತ್ತದೆ. ಒಂದೊಂದು ಕಡೆಯ ತಪ್ಪು ಶೇ 2ರೊಳಗೆ ಇದ್ದರೆ ನೆಮ್ಮದಿ.

ಈ ಏರ್ಪಾಡು ಮೈಕ್ರೋಕಂಟ್ರೋಲರಿಗಿಂತ ಬಹಳ ಹಳೆಯದು. ಸ್ಟಾರ್ಟ್, ಸ್ಟಾಪ್ ಬಿಟ್‌ಗಳು ಟೆಲಿಪ್ರಿಂಟರ್ ಕಾಲದಿಂದ ಬಂದ ಬಳುವಳಿ. ಬಾಡ್ ಎಂಬ ಅಳತೆಗೆ ಹೆಸರು ಕೊಟ್ಟ ಎಮಿಲ್ ಬೋದೋ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಟೆಲಿಗ್ರಾಫ್ ಎಂಜಿನಿಯರ್. ಡಿಇಸಿ ಕಂಪನಿಯ ಪಿಡಿಪಿ-1 ಕಂಪ್ಯೂಟರಿಗೆ ಟೆಲಿಟೈಪ್ ಜೋಡಿಸಲು ಗಾರ್ಡನ್ ಬೆಲ್ ಇಂಥ ಮೊದಲ ಸರ್ಕಿಟ್ ರೂಪಿಸಿದರು. ಇಷ್ಟು ಹಳೆಯ ಪದ್ಧತಿ ಇಂದಿಗೂ ಜಿಪಿಎಸ್ ಮಾಡ್ಯೂಲುಗಳಲ್ಲಿ, ಬ್ಲೂಟೂತ್ ಮಾಡ್ಯೂಲುಗಳಲ್ಲಿ, ರೌಟರ್‌ಗಳ ಒಳಗಿನ ಡೀಬಗ್ ಪಿನ್ನುಗಳಲ್ಲಿ ಬದುಕಿದೆ. ಕಲಿತದ್ದು ವ್ಯರ್ಥವಾಗುವುದಿಲ್ಲ.

ಈಗ ನಮ್ಮ ಕಾಲೇಜುಗಳ ಪ್ರಯೋಗಾಲಯಕ್ಕೆ ಬರೋಣ. ಇಂಟೆಲ್ 1980ರಲ್ಲಿ ಹೊರತಂದ 8051 ಚಿಪ್ಪನ್ನು ಕರ್ನಾಟಕದ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಎಷ್ಟೋ ತಂಡಗಳು ಕಲಿತಿವೆ. ಸೀರಿಯಲ್ ಪಾಠದಲ್ಲಿ ಎಲ್ಲರೂ ಒಂದು ಸಾಲನ್ನು ಬಾಯಿಪಾಠ ಮಾಡಿರುತ್ತಾರೆ: ಟಿಎಚ್1 ರಿಜಿಸ್ಟರಿಗೆ 253 ಹಾಕಿ, 9600 ಬಾಡ್ ಬರುತ್ತದೆ. ವೈವಾದಲ್ಲಿ ಕೇಳಿದರೆ ತಟ್ಟನೆ ಉತ್ತರ ಹೇಳುತ್ತಾರೆ. ಆದರೆ 253 ಯಾಕೆ, ಬೋರ್ಡಿನ ಮೇಲಿನ ಕ್ರಿಸ್ಟಲ್ 11.0592 ಮೆಗಾಹರ್ಟ್ಸ್ ಎಂಬ ವಿಚಿತ್ರ ಸಂಖ್ಯೆ ಯಾಕೆ, 12 ಎಂಬ ಪೂರ್ಣ ಸಂಖ್ಯೆ ಯಾಕಾಗಬಾರದು ಎಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ಲೆಕ್ಕ ಕಷ್ಟದ್ದಲ್ಲ. 8051 ತನ್ನ ಕ್ರಿಸ್ಟಲ್ ವೇಗವನ್ನು 12ರಿಂದ ಭಾಗಿಸಿ ಟೈಮರಿಗೆ ಕೊಡುತ್ತದೆ. ಸೀರಿಯಲ್ ಭಾಗ ಅದನ್ನು ಮತ್ತೆ 32ರಿಂದ ಭಾಗಿಸುತ್ತದೆ. 11.0592 ಮೆಗಾಹರ್ಟ್ಸ್ ಅನ್ನು ಹೀಗೆ ಭಾಗಿಸಿದರೆ ಸಿಗುವುದು ಕರಾರುವಾಕ್ಕಾಗಿ 28,800. ಅದನ್ನು 3ರಿಂದ ಭಾಗಿಸಿದರೆ 9600, ಒಂದಿಷ್ಟೂ ಉಳಿಕೆಯಿಲ್ಲ. ಟೈಮರ್ 256ರವರೆಗೆ ಎಣಿಸುವುದರಿಂದ ಮೂರು ಎಣಿಕೆ ಬೇಕೆಂದರೆ 253ರಿಂದ ಶುರುಮಾಡಬೇಕು. 253ರ ಗುಟ್ಟು ಇಷ್ಟೇ. 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದರೆ 31,250 ಸಿಗುತ್ತದೆ. ಅದನ್ನು 3ರಿಂದ ಭಾಗಿಸಿದರೆ 10,417 ಬಾಡ್. ಬೇಕಾದದ್ದಕ್ಕಿಂತ ಶೇ 8.5 ಹೆಚ್ಚು. ತಾಳುವ ಮಿತಿ ಮೀರಿತು.

ಹಾಗಾದಾಗ ಏನು ಬರುತ್ತದೆ ಎಂಬುದನ್ನು ಕಾಗದದ ಮೇಲೆಯೇ ಕಂಡುಹಿಡಿಯಬಹುದು. ಕಳಿಸುವ ಕಡೆ ಶೇ 8.5 ಬೇಗ ಓಡುತ್ತಿದೆ, ಸ್ವೀಕರಿಸುವ ಕಡೆ ಪ್ರತಿ ಬಿಟ್ಟಿನ ನಡುವೆ ನೋಡುತ್ತಿದೆ ಎಂದಿಟ್ಟುಕೊಳ್ಳಿ. ಮೊದಲ ಐದು ಬಿಟ್‌ಗಳು ಸರಿಯಾಗಿಯೇ ಸಿಗುತ್ತವೆ. ಆರನೆಯದನ್ನು ನೋಡುವ ಹೊತ್ತಿಗೆ ಅದು ದಾಟಿಹೋಗಿ ಏಳನೆಯದು ತಂತಿಯ ಮೇಲೆ ಬಂದುಬಿಟ್ಟಿರುತ್ತದೆ. 'ಎ' ಅಕ್ಷರದ 65ರ ಬದಲು 161 ಓದಿಕೊಳ್ಳುತ್ತದೆ. ಪರದೆಯ ಮೇಲೆ ತಲೆಕೆಳಗಾದ ಉದ್ಗಾರ ಚಿಹ್ನೆ ಮೂಡುತ್ತದೆ. ಅರ್ಥವಿಲ್ಲದ ಗೀಟೆಂದು ಕಂಡದ್ದಕ್ಕೆ ಇಷ್ಟು ಖಚಿತವಾದ ಕಾರಣವಿದೆ. ಒಬ್ಬ ವಿದ್ಯಾರ್ಥಿ ಇದನ್ನು ತಾನೇ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ, ಆಮೇಲೆ ಪರದೆಯ ಮೇಲೆ ಅದೇ ಚಿಹ್ನೆಯನ್ನು ಕಂಡರೆ, ಆ ಪಾಠ ಜನ್ಮದಲ್ಲಿ ಮರೆಯುವುದಿಲ್ಲ.

ಎವಿಆರ್ ಚಿಪ್ಪುಗಳಲ್ಲಿ ಇದೇ ರೋಗದ ಇನ್ನೊಂದು ರೂಪವಿದೆ. ಆರ್ಡುಯಿನೋ ಊನೋ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್ಪು 16 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಅದೇ ಚಿಪ್ಪನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಹೊಸತು ಕೊಂಡು ಬ್ರೆಡ್‌ಬೋರ್ಡಿಗೆ ಚುಚ್ಚಿ, ಪಕ್ಕದಲ್ಲಿ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಇಟ್ಟರೂ ಅದು ಆ ಕ್ರಿಸ್ಟಲ್ಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಾರ್ಖಾನೆಯಿಂದ ಬರುವಾಗಲೇ ಒಳಗಿನ 8 ಮೆಗಾಹರ್ಟ್ಸ್ ಕ್ಲಾಕನ್ನು ಎಂಟರಿಂದ ಭಾಗಿಸಿ 1 ಮೆಗಾಹರ್ಟ್ಸ್‌ನಲ್ಲಿ ಓಡುವಂತೆ ಅದರ ಫ್ಯೂಸ್ ಬಿಟ್‌ಗಳನ್ನು ಇಟ್ಟಿರುತ್ತಾರೆ. ಕೋಡಿನಲ್ಲಿ 16 ಎಂದು ಬರೆದು 9600 ಕೇಳಿದರೆ ಹೊರಬರುವುದು 600 ಬಾಡ್. ಕಂಡುಹಿಡಿಯುವುದು ಸುಲಭ: ಸೆಕೆಂಡಿಗೊಮ್ಮೆ ಮಿನುಗಬೇಕಾದ ಎಲ್‌ಇಡಿ ಹದಿನಾರು ಸೆಕೆಂಡು ತೆಗೆದುಕೊಂಡರೆ ಕ್ಲಾಕ್ ನೀವಂದುಕೊಂಡದ್ದಲ್ಲ. ಟರ್ಮಿನಲ್ ವೇಗವನ್ನು 600ಕ್ಕೆ ಇಳಿಸಿ ನೋಡಿ, ಅಕ್ಷರ ಓದಲು ಬರುತ್ತದೆ. ಹಾಗೆ ಬಂದರೆ ಕೋಡು, ತಂತಿ, ಡ್ರೈವರ್ ಎಲ್ಲ ಸರಿ. ಫ್ಯೂಸ್ ಒಂದೇ ಬದಲಾಯಿಸಬೇಕು. ಕ್ರಿಸ್ಟಲ್ಲನ್ನು ಬಿಟ್ಟು ಒಳಗಿನ ಕ್ಲಾಕನ್ನೇ ನೆಚ್ಚಿಕೊಂಡರೆ ಇನ್ನೊಂದು ಅಪಾಯ. ಕಾರ್ಖಾನೆ ಹೊಂದಾಣಿಕೆಯಲ್ಲಿ ಅದಕ್ಕೆ ಶೇ 10ರವರೆಗೂ ಏರುಪೇರಿನ ಅವಕಾಶವಿದೆ. ಒಂದು ಚಿಪ್ಪಿನಲ್ಲಿ ಓಡಿದ ಕೋಡು ಪಕ್ಕದ ಚಿಪ್ಪಿನಲ್ಲಿ ಓಡದಿರುವುದಕ್ಕೆ ಇದು ಸಾಕು.

ಸರಿಯಾದ 16 ಮೆಗಾಹರ್ಟ್ಸ್ ಇದ್ದರೂ ಎಲ್ಲ ವೇಗಗಳೂ ಸಮನಲ್ಲ. 9600ಕ್ಕೆ ತಪ್ಪು ಶೇ 0.2 ಮಾತ್ರ. 115200 ಕೇಳಿದರೆ ಸಾಮಾನ್ಯ ವಿಧಾನದಲ್ಲಿ 111111 ಸಿಗುತ್ತದೆ, ಶೇ 3.5 ಕಡಿಮೆ, ದುಪ್ಪಟ್ಟು ವೇಗದ ವಿಧಾನ ಆರಿಸಿದರೆ ಶೇ 2.1 ಹೆಚ್ಚು. ಒಮ್ಮೆ ಸರಿ, ಒಮ್ಮೆ ತಪ್ಪು ಅಕ್ಷರ ಬರುವ ಕಾಟ ಶುರುವಾಗುವುದು ಇಲ್ಲಿ. ಕಲಿಯುವವರು 9600ರಲ್ಲೇ ಶುರುಮಾಡುವುದು ಲೇಸು. ವೇಗಕ್ಕೆ ಆಮೇಲೆ ಬೇಕಾದಷ್ಟು ಸಮಯವಿದೆ.

ಇಷ್ಟು ಹೇಳಿದ್ದು ತಪ್ಪು ಅಕ್ಷರದ ಮಾತು. ಅದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು: ತಪ್ಪು ಅಕ್ಷರ ಬರುವುದು ಒಳ್ಳೆಯ ಸುದ್ದಿ. ಏನೋ ಒಂದು ಬಂತೆಂದರೆ ತಂತಿ ಸೇರಿದೆ, ಚಿಪ್ಪು ಕಳಿಸುತ್ತಿದೆ, ಪರಿವರ್ತಕ ಕೆಲಸ ಮಾಡುತ್ತಿದೆ, ಕಂಪ್ಯೂಟರಿನಲ್ಲಿ ಸರಿಯಾದ ಪೋರ್ಟೇ ತೆರೆದಿದೆ. ಹುಡುಕಬೇಕಾದ ಜಾಗದಲ್ಲಿ ಮುಕ್ಕಾಲು ಪಾಲು ಅಳಿಸಿಹೋಯಿತು. ಉಳಿದದ್ದು ಹೆಚ್ಚಾಗಿ ವೇಗದ ಲೆಕ್ಕ. ಅಪರೂಪಕ್ಕೆ ಗ್ರೌಂಡ್ ಸೇರಿಸದೆ ಬಿಟ್ಟದ್ದು, ಅಥವಾ ಬಿಟ್‌ಗಳು ತಿರುವುಮುರುವಾದದ್ದು. ನಿಜಕ್ಕೂ ಕಷ್ಟ ಕೊಡುವುದು ಖಾಲಿ ಪರದೆ.

ಖಾಲಿ ಪರದೆಯ ಎದುರು ಕೂತವರು ಮೊದಲು ಚಿಪ್ಪನ್ನು ಮರೆಯಬೇಕು. ಯುಎಸ್‌ಬಿ ಪರಿವರ್ತಕವನ್ನು ಬೋರ್ಡಿನಿಂದ ಬಿಡಿಸಿ, ಅದರದೇ ಟಿಎಕ್ಸ್ (ಕಳಿಸುವ) ಮತ್ತು ಆರ್‌ಎಕ್ಸ್ (ಸ್ವೀಕರಿಸುವ) ಪಿನ್ನುಗಳನ್ನು ಒಂದು ಜಂಪರ್ ವೈರಿನಿಂದ ಕೂಡಿಸಿ, ಟರ್ಮಿನಲ್ ತೆರೆದು ಏನಾದರೂ ಟೈಪ್ ಮಾಡಿ. ಟರ್ಮಿನಲ್‌ನ ಲೋಕಲ್ ಎಕೋ ಆಫ್ ಆಗಿರಲಿ. ಒತ್ತಿದ ಅಕ್ಷರ ಪರದೆಗೆ ಮರಳಿ ಬಂದರೆ ಕೇಬಲ್, ಡ್ರೈವರ್, ಪೋರ್ಟು ಮೂರೂ ಸರಿ ಎಂದಾಯಿತು. ಬರದಿದ್ದರೆ ಕೋಡನ್ನು ಮುಟ್ಟುವುದು ಬೇಡ, ತಪ್ಪು ಇತ್ತಕಡೆಯೇ ಇದೆ. ಫೋನ್ ಚಾರ್ಜರಿನ ಜೊತೆ ಬಂದ ಕೇಬಲ್ಲಿನಲ್ಲಿ ವಿದ್ಯುತ್ತಿನ ಎಳೆಗಳು ಮಾತ್ರ ಇರಬಹುದು. ಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಬೋರ್ಡು ಕಾಣುವುದಿಲ್ಲ. ಸಿಎಚ್340 ಚಿಪ್ಪಿನ ಪರಿವರ್ತಕಕ್ಕೆ ಡ್ರೈವರ್ ಹಾಕಿಲ್ಲದಿರಬಹುದು. ಲಿನಕ್ಸ್‌ನಲ್ಲಿ ಪೋರ್ಟು ತೆರೆಯುವ ಅನುಮತಿ ನಿಮ್ಮ ಖಾತೆಗೆ ಇಲ್ಲದಿರಬಹುದು. ಉಬುಂಟುವಿನಲ್ಲಾದರೆ ನಿಮ್ಮ ಹೆಸರನ್ನು 'ಡಯಲ್‌ಔಟ್' ಗುಂಪಿಗೆ ಸೇರಿಸಿ ಮತ್ತೆ ಲಾಗಿನ್ ಆಗಬೇಕು. ಒಂದು ಎಚ್ಚರಿಕೆ: ಈ ಪರೀಕ್ಷೆಯಲ್ಲಿ ಕಳಿಸುವುದೂ ಕೇಳುವುದೂ ಒಂದೇ ಚಿಪ್ಪು. ಹಾಗಾಗಿ ಬಾಡ್ ವೇಗ ಸರಿಯಿದೆ ಎಂಬುದಕ್ಕೆ ಇದು ಸಾಕ್ಷಿಯಲ್ಲ.

ಎರಡನೆಯ ಹೆಜ್ಜೆಗೆ ಮಲ್ಟಿಮೀಟರ್ ಸಾಕು. ಬೋರ್ಡಿನ ಟಿಎಕ್ಸ್ ಪಿನ್ನಿಗೂ ಗ್ರೌಂಡಿಗೂ ನಡುವೆ ವೋಲ್ಟೇಜು ಅಳೆಯಿರಿ. ಏನೂ ಕಳಿಸದಿರುವಾಗ 5 ಅಥವಾ 3.3 ವೋಲ್ಟ್ ತೋರಿಸಬೇಕು. ಸೊನ್ನೆ ಬಂದರೆ ಆ ಪಿನ್ನು ಇನ್ನೂ ಯುಆರ್ಟ್‌ನ ಕೈಗೆ ಬಂದೇ ಇಲ್ಲ. ಎಸ್‌ಟಿಎಂ32 ಕಲಿಯುವವರಿಗೆ ಇದು ಬಹಳ ಸಲ ಆಗುತ್ತದೆ. ವಿದ್ಯುತ್ ಉಳಿಸಲೆಂದು ಆ ಚಿಪ್ಪಿನಲ್ಲಿ ಹೆಚ್ಚಿನ ಭಾಗಗಳ ಕ್ಲಾಕ್ ಮೊದಲಿಗೆ ಆಫ್ ಆಗಿರುತ್ತದೆ. ಯುಆರ್ಟ್‌ಗೆ ಒಮ್ಮೆ, ಪಿನ್ನುಗಳ ಪೋರ್ಟಿಗೆ ಮತ್ತೊಮ್ಮೆ ಕ್ಲಾಕ್ ಆನ್ ಮಾಡಬೇಕು. ಪಿನ್ನನ್ನು ಸಾಧಾರಣ ಕೆಲಸದಿಂದ ಬಿಡಿಸಿ ಯುಆರ್ಟ್‌ಗೆ ಒಪ್ಪಿಸಬೇಕು. ಕ್ಲಾಕ್ ಕೊಡುವ ಮುನ್ನ ರಿಜಿಸ್ಟರಿಗೆ ಬರೆದದ್ದು ನಿಲ್ಲುವುದಿಲ್ಲ, ಚಿಪ್ಪು ದೂರೂ ಹೇಳುವುದಿಲ್ಲ. ಕೋಡಿನ ಪ್ರತಿ ಸಾಲೂ ಸರಿಯಿದ್ದು ಸಾಲುಗಳ ಕ್ರಮ ಮಾತ್ರ ತಪ್ಪಿರುತ್ತದೆ.

ಮೀಟರ್ ಋಣ ವೋಲ್ಟೇಜು ತೋರಿಸಿದರೆ ನಿಮ್ಮ ಕೈಯಲ್ಲಿರುವುದು ಆರ್‌ಎಸ್-232. ಹಳೆಯ ಕಂಪ್ಯೂಟರಿನ ಒಂಬತ್ತು ಪಿನ್ನಿನ ಪೋರ್ಟು ಇದೇ ಜಾತಿಯದು. ಇಲ್ಲಿ 1 ಎಂದರೆ ಮೈನಸ್ 3ರಿಂದ ಮೈನಸ್ 15 ವೋಲ್ಟ್, 0 ಎಂದರೆ ಪ್ಲಸ್ 3ರಿಂದ ಪ್ಲಸ್ 15. ಎಲ್ಲವೂ ತಿರುವುಮುರುವು. ಇದನ್ನು ನೇರವಾಗಿ ಮೈಕ್ರೋಕಂಟ್ರೋಲರಿನ ಪಿನ್ನಿಗೆ ಕೊಟ್ಟರೆ ಪಿನ್ನು ಸುಡಬಹುದು. ನಡುವೆ ಮ್ಯಾಕ್ಸ್232 ಚಿಪ್ಪು ಇರಲೇಬೇಕು. ಸುತ್ತಲಿನ ಕೆಪಾಸಿಟರ್‌ಗಳ ನೆರವಿನಿಂದ ಅದು 5 ವೋಲ್ಟಿನಿಂದಲೇ ಎರಡೂ ಬಗೆಯ ವೋಲ್ಟೇಜು ತಯಾರಿಸಿಕೊಳ್ಳುತ್ತದೆ. ಹಾಗೆಯೇ 5 ವೋಲ್ಟಿನ ಊನೋ ಬೋರ್ಡಿನ ಟಿಎಕ್ಸ್ ಅನ್ನು 3.3 ವೋಲ್ಟಿನ ಇಎಸ್‌ಪಿ32ಕ್ಕೋ ರಾಸ್ಪ್‌ಬೆರಿ ಪೈಗೋ ನೇರ ಜೋಡಿಸಬೇಡಿ. 1 ಕಿಲೋಓಮ್ ಮತ್ತು 2 ಕಿಲೋಓಮಿನ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜು ಇಳಿಸಿದರೆ ಸಾಕು. ಕೆಲವು ರೂಪಾಯಿಯ ರೆಸಿಸ್ಟರ್ ಕೆಲವು ನೂರು ರೂಪಾಯಿಯ ಬೋರ್ಡನ್ನು ಉಳಿಸುತ್ತದೆ.

ಟಿಎಕ್ಸ್ ಅನ್ನು ಎದುರಿನ ಆರ್‌ಎಕ್ಸ್‌ಗೆ ಜೋಡಿಸಬೇಕು, ಎರಡೂ ಬೋರ್ಡುಗಳ ಗ್ರೌಂಡ್ ಕೂಡಿರಬೇಕು. ಇದು ಎಲ್ಲರಿಗೂ ಗೊತ್ತು, ಆದರೂ ದಿನವೂ ತಪ್ಪುತ್ತದೆ. ಯಾಕೆಂದರೆ ಕೆಲವು ಮಾಡ್ಯೂಲಿನ ಮೇಲೆ ಅಚ್ಚಾದ ಹೆಸರು ಅದರ ಸ್ವಂತ ಪಿನ್ನಿನದು, ಕೆಲವದರಲ್ಲಿ ಎದುರಿನವರ ಪಿನ್ನಿನದು. ಆ ಅಚ್ಚನ್ನು ನಂಬದೆ, ಸುಮ್ಮನಿರುವಾಗ ವೋಲ್ಟೇಜು ಮೇಲಿರುವ ಪಿನ್ನು ಯಾವುದೆಂದು ಮೀಟರಿನಲ್ಲಿ ನೋಡುವುದು ಉತ್ತಮ; ಸಾಮಾನ್ಯವಾಗಿ ಕಳಿಸುವ ಪಿನ್ನು ಅದೇ. ಊನೋ ಬೋರ್ಡಿನ 0 ಮತ್ತು 1ನೆಯ ಪಿನ್ನುಗಳನ್ನು ಯುಎಸ್‌ಬಿ ಭಾಗವೂ ಬಳಸುತ್ತದೆ. ಅಲ್ಲಿಗೆ ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್ ಚುಚ್ಚಿಟ್ಟುಕೊಂಡು ಹೊಸ ಕೋಡು ಹಾಕಲು ಹೋದರೆ ಅಪ್‌ಲೋಡ್ ಆಗುವುದಿಲ್ಲ. ಅದೇ ಮಾಡ್ಯೂಲು ಸಾಮಾನ್ಯ ಮಾತಿಗೆ 9600, ಸೆಟ್ಟಿಂಗ್ ಬದಲಿಸುವ ಎಟಿ ಆದೇಶಗಳಿಗೆ 38400 ವೇಗ ಬಳಸುವುದು ಇನ್ನೊಂದು ಗೋಜು.

ಮೂರನೆಯ ಹೆಜ್ಜೆ ನನಗೆ ಬಹಳ ಪ್ರಿಯವಾದದ್ದು. ಇಂಗ್ಲಿಷಿನ ದೊಡ್ಡ 'ಯು' ಅಕ್ಷರವನ್ನು ಬಿಡುವಿಲ್ಲದೆ ಕಳಿಸುತ್ತಿರಿ. ಅದರ ಸಂಖ್ಯೆ 85; ಬಿಟ್‌ಗಳಲ್ಲಿ ಬರೆದರೆ 0 ಮತ್ತು 1 ಸರದಿಯ ಮೇಲೆ ಬರುತ್ತವೆ. ಸ್ಟಾರ್ಟ್, ಸ್ಟಾಪ್ ಸೇರಿದರೂ ಆ ಸರದಿ ಮುರಿಯುವುದಿಲ್ಲ, ತಂತಿಯ ಮೇಲೆ ಒಂದೇ ಸಮನೆ ಚೌಕದ ಅಲೆ ಓಡುತ್ತದೆ. ಅದರ ಆವರ್ತನ ಬಾಡ್ ವೇಗದ ಸರಿಯಾಗಿ ಅರ್ಧ. 9600ಕ್ಕೆ 4800 ಹರ್ಟ್ಸ್. ಆಸಿಲೋಸ್ಕೋಪ್ ಇಲ್ಲದವರೂ ಹರ್ಟ್ಸ್ ಅಳೆಯುವ ಮಲ್ಟಿಮೀಟರಿನಿಂದ ಇದನ್ನು ನೋಡಬಹುದು. 5208 ತೋರಿಸಿತೆಂದರೆ ಮೇಲೆ ಹೇಳಿದ 12 ಮೆಗಾಹರ್ಟ್ಸ್ ಕ್ರಿಸ್ಟಲ್ ನಿಮ್ಮ ಬೋರ್ಡಿನಲ್ಲಿದೆ. 300 ತೋರಿಸಿದರೆ ಎವಿಆರ್ ಚಿಪ್ಪಿನ ಫ್ಯೂಸ್ ನೋಡಿಕೊಳ್ಳಿ. ಊಹೆಗೆ ಇಲ್ಲಿ ಜಾಗವೇ ಇಲ್ಲ.

ಅಕ್ಷರ ಸರಿಯಾಗಿ ಬರತೊಡಗಿದ ಮೇಲೂ ಕೆಲವು ಮುಳ್ಳುಗಳಿವೆ. 65 ಎಂಬ ಬೈಟನ್ನು ಕಳಿಸುವುದೂ '6', '5' ಎಂಬ ಎರಡು ಅಕ್ಷರ ಕಳಿಸುವುದೂ ಬೇರೆ ಬೇರೆ. ಸೆನ್ಸರಿನ ಅಂಕಿಯ ಬದಲು ವಿಚಿತ್ರ ಚಿಹ್ನೆ ಕಂಡರೆ ಬಾಡ್ ವೇಗವನ್ನು ಬಯ್ಯುವ ಮೊದಲು ಇದನ್ನು ನೋಡಿ. ಕನ್ನಡದಲ್ಲಿ ಕಳಿಸಲು ಆಸೆಪಡುವವರಿಗೆ ಒಂದು ಮಾತು: ಯುಟಿಎಫ್-8ರಲ್ಲಿ 'ಕ' ಎಂಬ ಒಂದು ಅಕ್ಷರಕ್ಕೆ ಮೂರು ಬೈಟು. 'ಕನ್ನಡ' ಎಂಬ ಪದ ತಂತಿಯ ಮೇಲೆ ಸಾಗುವಾಗ ನಡುವಿನ ಹಲಂತವೂ (್) ಸೇರಿ ಹದಿನೈದು ಬೈಟು. ಯುಆರ್ಟ್‌ಗೆ ಅದರಿಂದ ಏನೂ ತೊಂದರೆಯಿಲ್ಲ, ಅದು ಬೈಟನ್ನಷ್ಟೇ ಬಲ್ಲದು. ಆದರೆ ಸ್ವೀಕರಿಸುವ ಪ್ರೋಗ್ರಾಮು ಬೈಟಿಗೊಂದು ಅಕ್ಷರ ಎಂದು ನಂಬಿದ್ದರೆ ಕನ್ನಡ ಒಡೆದು ಚೂರಾಗುತ್ತದೆ. ಟರ್ಮಿನಲ್ಲನ್ನು ಯುಟಿಎಫ್-8ಕ್ಕೆ ಇಟ್ಟರೆ ನಮ್ಮ ಲಿಪಿ ಚೆನ್ನಾಗಿಯೇ ಬರುತ್ತದೆ.

ಪ್ರಯೋಗಾಲಯ ನಡೆಸುವ ಮೇಷ್ಟರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ. ಓಡುವ ಕೋಡನ್ನು ಕರಿಹಲಗೆಯ ಮೇಲೆ ಬರೆದು ನಕಲು ಮಾಡಿಸಿ, ಔಟ್‌ಪುಟ್ ಬಂದೊಡನೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುವ ಪದ್ಧತಿಯಲ್ಲಿ ಈ ಪಾಠ ಕೈಗೆ ಬರುವುದಿಲ್ಲ. ಮುಂದಿನ ತಂಡಕ್ಕೆ ಸೀರಿಯಲ್ ಪ್ರಯೋಗ ಮಾಡಿಸುವಾಗ ಪ್ರತಿ ಮೇಜಿಗೂ 11.0592ರ ಜೊತೆಗೆ ಒಂದು 12 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನೂ ಒಂದು ಮಲ್ಟಿಮೀಟರನ್ನೂ ಕೊಡಿ. ಮೊದಲು ತಪ್ಪು ಅಕ್ಷರ ಬರಲಿ. ಯಾಕೆ ಬಂತೆಂದು ಮಕ್ಕಳೇ ಲೆಕ್ಕ ಹಾಕಿ ಬರೆಯಲಿ, ಅಂಕ ಅದಕ್ಕೆ ಕೊಡಿ.